ದಾನಿಗಳು ಎರಡು ಲಕ್ಷ ಕೊಡುತ್ತಾರಂತೆ: ಊರಿಗೆ ಇನ್ನೊಂದು ಆ್ಯಪ್ ಬೇಕೇ, ಬೇರೇನಾದರೂ ಕೇಳೋಣವೇ?

ಹೊಳೆದಂಡೆ | ಭಾನುವಾರ, ರಾತ್ರಿ 9.40

ಮುಂಬಯಿಯಲ್ಲಿ ಹೋಟೆಲ್ ನಡೆಸುವ ನಮ್ಮೂರಿನವರೊಬ್ಬರು ಯುವಕ ಮಂಡಲಕ್ಕೆ ಕರೆ ಮಾಡಿದ್ದರು. ತಾಯಿಯ ನೆನಪಿಗೆ ಊರಿನಲ್ಲಿ "ಕಂಪ್ಯೂಟರಿನದ್ದು ಏನಾದರೂ" ಆಗಬೇಕಂತೆ. ಎರಡು ಲಕ್ಷದವರೆಗೆ ಕೊಡಲು ತಯಾರಿದ್ದಾರೆ. ಏನು ಬೇಕೆಂದು ಹದಿನೈದು ದಿನದೊಳಗೆ ಬರೆದು ಕಳುಹಿಸಬೇಕು. ಮಂಡಲದ ಸಭೆಯಲ್ಲಿ ಎರಡು ಗಂಟೆ ಮಾತಾಯಿತು, ಚಹಾ ಎರಡು ಸುತ್ತು ಬಂತು, ತೀರ್ಮಾನ ಬರಲಿಲ್ಲ. ಅರ್ಧ ಜನ ಹೊಸ ಆ್ಯಪ್ ಎನ್ನುತ್ತಾರೆ, ಉಳಿದವರು ಐದು ಕಂಪ್ಯೂಟರ್ ಎನ್ನುತ್ತಾರೆ. ನನಗೆ ಎರಡೂ ಬೇಡ ಅನ್ನಿಸುತ್ತಿದೆ. ಬೇಕಾದದ್ದು ಏನೆಂದು ಹೇಳಲು ಮಾತ್ರ ಬರುತ್ತಿಲ್ಲ.

ನಮ್ಮದು ಉಡುಪಿ ಜಿಲ್ಲೆ, ಸ್ವರ್ಣಾ ನದಿಯ ಬದಿಯ ಊರು. ಮೂರು ವರ್ಷದ ಹಿಂದೆ ನಾವೇ ಒಂದು ಆ್ಯಪ್ ಮಾಡಿದ್ದೆವು. ದಾರಿದೀಪ ಉರಿಯದಿದ್ದರೆ, ನಳ್ಳಿಯಲ್ಲಿ ನೀರು ಬಾರದಿದ್ದರೆ ಫೋಟೊ ತೆಗೆದು ಹಾಕಬೇಕು. ಊರಿನ ನಕ್ಷೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಕೆಲಸವಾದ ಮೇಲೆ ಹಸಿರಾಗುತ್ತದೆ. ದೀಪ ಬೆಳಗಿಸಿದ್ದೂ ಆಯಿತು, ಪತ್ರಿಕೆಯಲ್ಲಿ ಫೋಟೊ ಬಂದದ್ದೂ ಆಯಿತು. ಒಟ್ಟು ಬಂದ ದೂರು ಹದಿನೇಳು. ಅದರಲ್ಲಿ ಒಂಬತ್ತು ನಾವೇ ಪರೀಕ್ಷೆಗೆಂದು ಹಾಕಿದ್ದು, ಒಂದು ಯಾರದೋ ಮನೆಯ ನಾಯಿಯ ಫೋಟೊ. ನೀರು ಬಾರದಿದ್ದರೆ ಪಂಪ್ ಬಿಡುವವರಿಗೆ ಕರೆ ಮಾಡುವುದು ಊರಿಗೆಲ್ಲ ಅಭ್ಯಾಸ. ಅವರ ನಂಬರು ಇಲ್ಲದ ಮನೆಯೇ ಇಲ್ಲ. ಕೆಂಪು ಚುಕ್ಕೆಯನ್ನು ಹಸಿರು ಮಾಡುವವರು ಯಾರು ಎಂದು ನಾವು ಯಾರನ್ನೂ ಕೇಳಿರಲಿಲ್ಲ. ಸರ್ವರ್ ಬಾಡಿಗೆ ಗೆಳೆಯನೊಬ್ಬನ ಕಾರ್ಡಿನಿಂದ ಹೋಗುತ್ತಿತ್ತು. ಕಾರ್ಡಿನ ಅವಧಿ ಮುಗಿಯಿತು, ಆ್ಯಪಿನದ್ದೂ ಮುಗಿಯಿತು.

ಈಗ ನಡೆಯುತ್ತಿರುವುದು ಬೇರೆ. ನೆರೆಮನೆಯ ದೊಡ್ಡಮ್ಮ ಒಂದು ಸಂಜೆ ಬಂದು, ಗೃಹಲಕ್ಷ್ಮಿ ಹಣ ಐದು ತಿಂಗಳಿನಿಂದ ಬರುತ್ತಿಲ್ಲ, ಸರಕಾರ ನಿಲ್ಲಿಸಿದೆಯೇ ನೋಡು ಎಂದರು. ಹಣ ನಿಂತಿರಲಿಲ್ಲ. ಇಂಥ ಹಣ ನಾವು ಪಾಸ್‌ಬುಕ್ ಕೊಟ್ಟ ಖಾತೆಗೆ ಬರುವುದಿಲ್ಲ, ಆಧಾರ್‌ಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ದೊಡ್ಡಮ್ಮ ಎಂದೋ ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ತೆರೆದಿದ್ದ ಖಾತೆಗೆ ಅದು ಜೋಡಣೆಯಾಗಿತ್ತು. ಹತ್ತು ಸಾವಿರ ರೂಪಾಯಿ ಅಲ್ಲೇ ಕುಳಿತಿತ್ತು. ಮರುದಿನ ಇನ್ನೂ ಮೂವರು ಬಂದರು. ಆಮೇಲೆ ಪಂಚಾಯತಿ ಗ್ರಂಥಾಲಯದ ಜಗಲಿಯಲ್ಲಿ, ಈಗ ಅದಕ್ಕೆ ಅರಿವು ಕೇಂದ್ರವೆಂದು ಹೆಸರು, ಭಾನುವಾರ ಹತ್ತರಿಂದ ಒಂದರವರೆಗೆ ಮೇಜು ಹಾಕಿ ಕುಳಿತುಕೊಳ್ಳುತ್ತೇವೆ. ಎರಡು ಮೊಬೈಲ್, ಒಂದು ಪುಸ್ತಕ, ಸರದಿಯ ಮೇಲೆ ನಾಲ್ವರು. ಇದಕ್ಕೆ ಯಾರೂ ದೀಪ ಬೆಳಗಿಸಿಲ್ಲ.

ನಿಮ್ಮ ಊರುಗಳಲ್ಲಿ ಇಂಥದ್ದು ನಡೆಯುತ್ತಿದೆಯೇ? ಎರಡು ಲಕ್ಷ ಸಿಕ್ಕಿದರೆ ನೀವೇನು ಕೇಳುತ್ತೀರಿ?

ಮೂರನೆಯ ಮಹಡಿ | ಭಾನುವಾರ, ರಾತ್ರಿ 10.15

ಆ ಕಾರ್ಡಿನ ಗೆಳೆಯ ನಾನೇ. ಹೆಸರು ಹೇಳದೆ ಬಿಟ್ಟದ್ದಕ್ಕೆ ಕೃತಜ್ಞತೆ.

ಆದರೆ ಆ್ಯಪ್ ಸೋತಿತು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಕೇಳಿದ ಕೆಲಸ ಮಾಡಿತು. ಚುಕ್ಕೆ ಮೂಡಿತು. ಚುಕ್ಕೆ ನೋಡಬೇಕಾದವರು ನೋಡಲಿಲ್ಲ, ಅಷ್ಟೆ. ಈಗ ಕಾಲ ಬದಲಾಗಿದೆ. ಗೂಗಲ್ ಅನುವಾದಕ್ಕೆ 2024ರಲ್ಲಿ ತುಳು ಸೇರಿದೆ. ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗುತ್ತದೆ. ವಾಟ್ಸ್‌ಆ್ಯಪ್ ಇಲ್ಲದ ಮನೆ ಇಲ್ಲ. ದೊಡ್ಡಮ್ಮ ಒಂದು ಧ್ವನಿ ಸಂದೇಶ ಕಳುಹಿಸಿದರೆ, ಯಾವ ಖಾತೆಗೆ ಹಣ ಹೋಗುತ್ತಿದೆ ಎಂದು ಹೇಗೆ ನೋಡಬೇಕು, ಯಾವ ಕಾಗದ ಬೇಕು ಎಂದು ಉತ್ತರ ಬರುವ ಹಾಗೆ ಮಾಡಬಹುದು. ಭಾನುವಾರಕ್ಕಾಗಿ ಕಾಯಬೇಕಾಗಿಲ್ಲ. ನಾಲ್ಕು ಶನಿವಾರ ಕುಳಿತರೆ ನಾನು ಮಾಡಿಕೊಡುತ್ತೇನೆ, ಸಂಬಳ ಬೇಡ. ಬೆಂಗಳೂರಿನ ಮೂರನೆಯ ಮಹಡಿಯ ಕೋಣೆಯಿಂದ ಊರಿಗೆ ನಾನು ಮಾಡಬಹುದಾದದ್ದು ಇದೊಂದೇ.

ಕಟ್ಟೆಪಂಚಾಯಿತಿ | ಸೋಮವಾರ, ಬೆಳಿಗ್ಗೆ 6.50

ಒಂದು ಅವಧಿಗೆ ಗ್ರಾಮ ಪಂಚಾಯತಿ ಸದಸ್ಯನಾಗಿದ್ದವನು ನಾನು, ಬೇರೆ ಊರು. ಚುಕ್ಕೆ ಯಾಕೆ ಹಸಿರಾಗಲಿಲ್ಲ ಎಂದು ಆಚೆಯ ಮೇಜಿನಿಂದ ಹೇಳುತ್ತೇನೆ.

ಮೊಬೈಲಿನಲ್ಲಿ ಬಂದ ದೂರಿಗೆ ಕಚೇರಿಯಲ್ಲಿ ಅಸ್ತಿತ್ವವಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಅದಕ್ಕೊಂದು ನಂಬರು ಹುಟ್ಟುತ್ತದೆ. ನಂಬರು ಹುಟ್ಟಿದ ಮೇಲೆ ಅದನ್ನು ಸುಮ್ಮನೆ ಬದಿಗಿಡಲು ಯಾರಿಗಾದರೂ ಸ್ವಲ್ಪ ಹೆದರಿಕೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಎದ್ದು ನಿಂತು ಹೇಳಿ, ನಡವಳಿ ಪುಸ್ತಕದಲ್ಲಿ ಬರೆಸಿದರೆ ಕ್ರಿಯಾಯೋಜನೆಗೆ ಹೋಗುವ ದಾರಿ ಇದೆ. ನಮ್ಮ ಹುಡುಗರು ಗ್ರಾಮಸಭೆಗೆ ಬರುವುದಿಲ್ಲ. ಅಲ್ಲಿ ಇರುವುದು ಬಿಳಿ ತಲೆಗಳು, ಆಶಾ ಕಾರ್ಯಕರ್ತೆಯರು ಮತ್ತು ನೈನ್ ಇಲೆವೆನ್ ಸಿಗದವರು.

ನೈನ್ ಇಲೆವೆನ್ ಎಂದರೆ ಬೇರೆ ಊರಿನವರು ಅಮೆರಿಕ ಎಂದುಕೊಳ್ಳುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಅದು ಮನೆ ಜಾಗದ ದಾಖಲೆ, ನಮೂನೆ 9 ಮತ್ತು ನಮೂನೆ 11. ಈಗ ಇ-ಸ್ವತ್ತು ತಂತ್ರಾಂಶದಲ್ಲಿ ಬರುತ್ತದೆ. ನಿಮ್ಮ ಭಾನುವಾರದ ಮೇಜಿಗೆ ಅದು ಬಂದೇ ಬರುತ್ತದೆ, ಒಂದು ದಿನ ಮುಂಚಿತವಾಗಿಯೇ ಹೇಳಿಟ್ಟಿದ್ದೇನೆ.

ಗೇರುತೋಪು | ಸೋಮವಾರ, ರಾತ್ರಿ 8.30

ಆ ಮೇಜಿನಲ್ಲಿ ಕುಳಿತುಕೊಳ್ಳುವ ನಾಲ್ವರಲ್ಲಿ ನಾನೂ ಒಬ್ಬಳು. ಮಹಡಿಯ ಅಣ್ಣನ ಧ್ವನಿ ಸಂದೇಶದ ಯೋಜನೆ ಓದಿದೆ. ಕಳೆದ ಭಾನುವಾರ ಏನಾಯಿತೆಂದು ಬರೆಯುತ್ತೇನೆ, ಯಂತ್ರ ಇದರಲ್ಲಿ ಎಲ್ಲಿ ಕುಳಿತುಕೊಳ್ಳಬೇಕೆಂದು ಅವರೇ ಹೇಳಲಿ.

ಬಂದವರು ಗೇರುಬೀಜದ ಕಾರ್ಖಾನೆಗೆ ಇಪ್ಪತ್ತೆರಡು ವರ್ಷ ಹೋದವರು. ನನ್ನ ಅಮ್ಮನೂ ಅಲ್ಲಿಗೇ ಹೋಗುತ್ತಿದ್ದರು, ಹಾಗಾಗಿ ಅವರು ಕೈ ಚಾಚಿದಾಗ ನನಗೆ ವಿವರಿಸಬೇಕಾಗಲಿಲ್ಲ. ಬೀಜ ಒಡೆಯುವಾಗ ಸಿಪ್ಪೆಯಿಂದ ಎಣ್ಣೆ ಬರುತ್ತದೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಬೂದಿ ಹಚ್ಚಿಕೊಂಡರೂ, ಕೈಗವಸು ಹಾಕಿಕೊಂಡರೂ ವರ್ಷಗಟ್ಟಲೆ ಬೀಜ ಹಿಡಿದ ಬೆರಳಿನ ತುದಿ ನುಣ್ಣಗಾಗುತ್ತದೆ. ಬೆರಳಿನ ಗೆರೆ ಕಣ್ಣಿಗೇ ಕಾಣಿಸುವುದಿಲ್ಲ, ಯಂತ್ರಕ್ಕೆ ಎಲ್ಲಿಂದ ಕಾಣಬೇಕು? ಪಡಿತರ ಚೀಟಿಯ ಇ-ಕೆವೈಸಿಗೆ ಹೆಬ್ಬೆರಳು ಕೊಟ್ಟು ಕೊಟ್ಟು ಮೂರು ಸಲ ಹಿಂದೆ ಬಂದಿದ್ದರು. ಓಟಿಪಿ ತರಿಸೋಣವೆಂದರೆ ಆಧಾರ್‌ಗೆ ಇರುವುದು ಮಗನ ನಂಬರು, ಮಗ ದುಬೈಯಲ್ಲಿ, ಆ ನಂಬರು ಸತ್ತು ವರ್ಷ ಎರಡಾಯಿತು. ಮೂರನೆಯ ಸಲ ಅಲ್ಲಿದ್ದ ಹುಡುಗ, ನೀವು ಬದುಕಿದ್ದೀರೋ ಇಲ್ಲವೋ ಎಂದು ತಮಾಷೆ ಮಾಡಿದನಂತೆ. ಅವರು ಅದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ನಾವು ಮಾಡಿದ್ದು ಇಷ್ಟು. ಕೈ ತೊಳೆಸಿದೆವು. ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬೆರಳುಗಳನ್ನು ಒತ್ತಿ ಒರೆಸಿದೆವು. ಹತ್ತು ಬೆರಳನ್ನೂ ಒಂದೊಂದಾಗಿ ನೋಡಿದೆವು. ಹೆಬ್ಬೆರಳೇ ಆಗಬೇಕೆಂದು ನಿಯಮವಿಲ್ಲ. ಯಾವ ಬೆರಳು ಚೆನ್ನಾಗಿ ಮೂಡುತ್ತದೆಯೋ ಅದನ್ನು ಕೊಡಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ, ಯಂತ್ರ ಹಿಡಿದು ಕುಳಿತವರೂ ಹೇಳುವುದಿಲ್ಲ. ಎಡಗೈಯ ಕಿರುಬೆರಳಿನಲ್ಲಿ ಗೆರೆ ಉಳಿದಿತ್ತು. ಬೀಜ ಹಿಡಿಯುವಾಗ ಆ ಬೆರಳು ದೂರ ಇರುತ್ತದಲ್ಲ. ಮರುದಿನ ರೇಷನ್ ಅಂಗಡಿಗೆ ಜೊತೆಗೆ ಹೋದೆ, ಎರಡನೆಯ ಪ್ರಯತ್ನಕ್ಕೆ ಹಸಿರು ದೀಪ ಹತ್ತಿತು. ಪಡಿತರ ಚೀಟಿಯ ಪ್ಲಾಸ್ಟಿಕ್ ಲಕೋಟೆಯ ಒಳಗೆ ಒಂದು ಚೀಟಿ ಇಟ್ಟುಕೊಟ್ಟಿದ್ದೇನೆ: "ಎಡಗೈ ಕಿರುಬೆರಳು. ಮೊದಲು ಬಿಸಿ ಬಟ್ಟೆಯಲ್ಲಿ ಒರೆಸಿ."

ಈಗ ಗೇರುಬೀಜದವರು, ಬೀಡಿ ಕಟ್ಟುವವರು, ಬಟ್ಟೆ ಒಗೆದು ಬೆರಳು ಸವೆದವರು ಎಲ್ಲರೂ ಬಂದು ತಮ್ಮ ಬೆರಳು ಯಾವುದೆಂದು ಕೇಳುತ್ತಾರೆ, ಜ್ಯೋತಿಷ್ಯ ಕೇಳಿದ ಹಾಗೆ.

ನಿವೃತ್ತ ಮಾಸ್ಟ್ರು | ಮಂಗಳವಾರ, ಬೆಳಿಗ್ಗೆ 9.05

ಮಂಗಳೂರಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷ ಎನ್‌ಎಸ್‌ಎಸ್ ನೋಡಿಕೊಂಡವನು ನಾನು. ಗೇರುತೋಪಿನ ತಂಗಿ ಬರೆದದ್ದನ್ನು ಎರಡು ಸಲ ಓದಿದೆ.

ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು. ಸ್ವಯಂಸೇವಕ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು, ಒಂದು ಏಳು ದಿನದ ಶಿಬಿರಕ್ಕೆ ಹೋಗಬೇಕು. ನಾನು ಎಷ್ಟು ಶಿಬಿರ ಮಾಡಿಸಿದ್ದೇನೋ ಲೆಕ್ಕವಿಲ್ಲ. ಶಾಲೆಯ ಮೈದಾನ ಸಮ ಮಾಡಿದ್ದೇವೆ, ಕಟ್ಟ ಹಾಕಿದ್ದೇವೆ, ಬಾವಿಯ ಕೆಸರು ತೆಗೆದಿದ್ದೇವೆ. ಹತ್ತು ವರ್ಷದಿಂದ ಈಚೆಗೆ "ಡಿಜಿಟಲ್ ಸಾಕ್ಷರತೆ" ಎಂದು ಒಂದು ಅವಧಿ ಸೇರಿತು. ಹುಡುಗರು ಶಾಲೆಯ ಗೋಡೆಗೆ ಪ್ರೊಜೆಕ್ಟರ್ ಹಾಕಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದು ಪಾಠ ಮಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಅಜ್ಜಿಯರು ಕುಳಿತಿರುತ್ತಿದ್ದರು, ಫೋನೇ ಇಲ್ಲದವರು. ಏಳನೆಯ ದಿನ ನಾವು ಬಸ್ಸು ಹತ್ತುತ್ತಿದ್ದೆವು. ಎಂಟನೆಯ ದಿನ ಅಜ್ಜಿಗೆ ಸಂಶಯ ಬಂದರೆ ಯಾರನ್ನು ಕೇಳಬೇಕು? ನನಗೆ ಆಗ ಅದು ತೋಚಲಿಲ್ಲ.

ಸರಕಾರದ ಲೆಕ್ಕವೂ ಹೀಗೇ ಇತ್ತು. 2017ರಲ್ಲಿ ಗ್ರಾಮೀಣ ಡಿಜಿಟಲ್ ಸಾಕ್ಷರತೆಯ ದೊಡ್ಡ ಯೋಜನೆ ಬಂತು, ಗುರಿ ಆರು ಕೋಟಿ ಮನೆ, ಮನೆಗೊಬ್ಬರು, ಇಪ್ಪತ್ತು ಗಂಟೆಯ ತರಬೇತಿ. ವಯಸ್ಸು 14ರಿಂದ 60. ಅರುವತ್ತು ದಾಟಿದವರು ಪಟ್ಟಿಯಲ್ಲೇ ಇರಲಿಲ್ಲ. ಪಿಂಚಣಿ, ಜೀವಂತವಾಗಿದ್ದೇನೆ ಎನ್ನುವ ಪ್ರಮಾಣಪತ್ರ, ಬೆರಳು, ಓಟಿಪಿ ಇವೆಲ್ಲ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಹೊರಗಿಟ್ಟು ಪಾಠ ಹೇಳಿದ ಹಾಗಾಯಿತು.

ಉಡುಪಿಯವರಿಗೆ ನೆನಪು ಮಾಡುತ್ತೇನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಾದರೂ ಸಾಕು. ಜನ ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ, ಸಂಗ್ರಹಕಾರ ಮನೆಗೆ, ಅಂಗಡಿಗೆ ಬರುತ್ತಿದ್ದ. ನಮ್ಮ ಮನೆಗೂ ಒಬ್ಬರು ಬರುತ್ತಿದ್ದರು, ಚೀಲ ಕಂಕುಳಲ್ಲಿ, ಕೊಡೆ ತೋಳಲ್ಲಿ. ಅವರು ನಾಳೆಯೂ ಬರುತ್ತಾರೆ ಎಂಬ ನಂಬಿಕೆಯ ಮೇಲೆ ನನ್ನ ಅಜ್ಜಿ ಹಣ ಕೊಡುತ್ತಿದ್ದರು. ಬ್ಯಾಂಕಿನ ಕಟ್ಟಡವನ್ನು ಅವರು ನೋಡಿಯೂ ಇರಲಿಲ್ಲ.

ಯುವಕ ಮಂಡಲಕ್ಕೆ ನನ್ನ ಸಲಹೆ: ಆ ಜಗಲಿಯ ಮೇಜನ್ನು ಬಿಡಬೇಡಿ. ಆದರೆ ನಿಮ್ಮ ನಾಲ್ವರಲ್ಲಿ ಇಬ್ಬರು ಮುಂದಿನ ವರ್ಷ ಬೆಂಗಳೂರಿಗೆ ಹೋಗುತ್ತೀರಿ. ಆಮೇಲೆ?

ಅಂತಿಮ ಬಿಕಾಂ | ಮಂಗಳವಾರ, ಮಧ್ಯಾಹ್ನ 1.20

ಮಾಸ್ಟ್ರೇ, ನೀವು ಬಿಡಿಸಿ ಹೇಳಲಿಲ್ಲ, ಆದರೆ ಪ್ರಮಾಣಪತ್ರಕ್ಕಾಗಿ ಬರುವವರು ಎಂದು ನಮ್ಮ ಬಗ್ಗೆ ಎಲ್ಲರೂ ಹೇಳುವುದುಂಟು. ಹೌದು, ನನಗೆ ಪ್ರಮಾಣಪತ್ರ ಬೇಕು. ಕೆಲಸದ ಸಂದರ್ಶನದಲ್ಲಿ ಹೇಳಲು ನನ್ನ ಹತ್ತಿರ ಬೇರೇನೂ ಇಲ್ಲ. ಸೇವೆ ಮಾಡುವ ಊರು ಕಾಲೇಜಿನಿಂದ ಎರಡು ಬಸ್ಸು ಆಚೆ. ಖರ್ಚು ನನ್ನದೇ. ಆರು ಗಂಟೆಯ ಒಳಗೆ ಮನೆ ಸೇರದಿದ್ದರೆ ಮುಂದಿನ ವಾರ ಮನೆಯಲ್ಲಿ ಬಿಡುವುದಿಲ್ಲ. ಹುಡುಗರಿಗೆ ಬೈಕ್ ಇದೆ, ಅವರು "ನಿಷ್ಠೆಯ ಸ್ವಯಂಸೇವಕರು" ಆಗುತ್ತಾರೆ. ಎರಡು ಲಕ್ಷದಲ್ಲಿ ಬಸ್ಸಿನ ಖರ್ಚು ಕೊಡುವ ಬಗ್ಗೆಯೂ ಯಾರಾದರೂ ಮಾತನಾಡಿ.

ಮದಗ | ಮಂಗಳವಾರ, ರಾತ್ರಿ 11.10

ಎಲ್ಲರೂ ಮೇಜಿನ ಸುತ್ತಲೇ ಇದ್ದೀರಿ, ನಾನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗುತ್ತೇನೆ. ಮಂಗಳೂರಿನ ಹೊರವಲಯದಲ್ಲಿ ನಾವು ಕೆಲವರು ಆರು ವರ್ಷದಿಂದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರು ಬರೆಯುತ್ತಿದ್ದೇವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ನಕ್ಷೆ ಅದು, ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. 2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ದೂರದ ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ರಸ್ತೆಗಳನ್ನು ಬರೆದುಕೊಟ್ಟದ್ದು ಇದರಲ್ಲೇ.

ನಾವು ಶುರು ಮಾಡಿದ್ದು 2020ರ ಸೆಪ್ಟೆಂಬರ್ 20ರ ಭಾನುವಾರದ ನಂತರ. ಆ ದಿನ ಉಡುಪಿಯ ಕಲ್ಸಂಕ, ಬೈಲಕೆರೆ ಎಲ್ಲ ನೀರಿನಲ್ಲಿತ್ತು. ನೆಂಟರ ಮನೆಗೆ ದೋಣಿ ಕಳುಹಿಸಬೇಕಾಗಿತ್ತು. ಫೋನಿನಲ್ಲಿ ದಾರಿ ಹೇಳಲು ಹೋದರೆ "ದೊಡ್ಡ ಗದ್ದೆಯ ಆಚೆ, ನಾಗಬನದ ಕೆಳಗೆ" ಎನ್ನುತ್ತಾರೆ. ದೋಣಿಯವರು ಬೇರೆ ಊರಿನವರು. ಯಾವ ನಕ್ಷೆಯಲ್ಲೂ ದೊಡ್ಡ ಗದ್ದೆ ಇರಲಿಲ್ಲ.

ಈಗ ನಮ್ಮ ಸುತ್ತಿನ ಮದಗಗಳು ಎಂದರೆ ಕೆರೆಗಳು, ಕಿಂಡಿ ಅಣೆಕಟ್ಟುಗಳು, ಕಾಲುಸಂಕಗಳು, ಬೇಸಿಗೆಯಲ್ಲೂ ಬತ್ತದ ಸಾರ್ವಜನಿಕ ಬಾವಿಗಳು ಎಲ್ಲ ಅದರಲ್ಲಿವೆ. ಮದಗ ಹುಡುಕಲು ದಿಶಾಂಕ್ ಆ್ಯಪ್ ಉಪಯೋಗಕ್ಕೆ ಬಂತು. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಎರಡು ಕಡೆ ನಂಬರು ಸಿಕ್ಕಿತು, ಮದಗ ಸಿಗಲಿಲ್ಲ. ಒಂದರ ಮೇಲೆ ಅಡಿಕೆ ತೋಟ, ಇನ್ನೊಂದರ ಮೇಲೆ ವಾಹನ ನಿಲ್ಲಿಸುವ ಅಂಗಳ. ಆ ಕಥೆ ಇಲ್ಲಿ ಬೇಡ.

ಹೆಸರುಗಳ ಕೆಲಸ ಎಲ್ಲಕ್ಕಿಂತ ಸೊಗಸು. ಆ ನಕ್ಷೆಯಲ್ಲಿ ಒಂದೇ ಊರಿಗೆ ಕನ್ನಡದ ಹೆಸರು ಬೇರೆ, ತುಳುವಿನದ್ದು ಬೇರೆ ಬರೆಯಲು ಜಾಗವಿದೆ. ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಮೂಡುಬಿದಿರೆ ಬೆದ್ರ, ಕಾರ್ಕಳ ಕಾರ್ಲ, ಉಪ್ಪಿನಂಗಡಿ ಉಬಾರ್. ಇವು ಹಿರಿಯರ ಬಾಯಲ್ಲಿವೆ, ಫಲಕಗಳಲ್ಲಿ ಇಲ್ಲ. ತುಳು ಲಿಪಿ 2024ರಲ್ಲಿ ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರಗಳ ಪಟ್ಟಿಗೆ, ಬಂತು ನಿಜ, ಆದರೆ ಓದುವವರು ಬೇಕಲ್ಲ, ಸದ್ಯಕ್ಕೆ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ತುಳು ವಿಕಿಪೀಡಿಯವೂ ಹಾಗೆಯೇ. ಅದು 2008ರಿಂದ ಎಂಟು ವರ್ಷ ಪ್ರಾಯೋಗಿಕ ಹಂತದಲ್ಲಿ ಕಾದು 2016ರ ಆಗಸ್ಟ್‌ನಲ್ಲಿ ಸ್ವತಂತ್ರ ಆವೃತ್ತಿಯಾಯಿತು. ಎಂಟು ವರ್ಷ! ಬರೆದವರಿಗೆ ಯಾವ ಗಂಟೆಯ ಲೆಕ್ಕವೂ ಇರಲಿಲ್ಲ.

ನಮ್ಮ ತಪ್ಪು ಒಂದನ್ನು ಹೇಳಿಯೇ ಬಿಡುತ್ತೇನೆ. ಉಪಗ್ರಹ ಚಿತ್ರದಲ್ಲಿ ಕೆಂಪು ಗೆರೆ ಕಂಡಿತೆಂದು ಒಂದು ಕಾಲುದಾರಿಯನ್ನು ನಾನು ವಾಹನದ ರಸ್ತೆ ಎಂದು ಬರೆದೆ, ಹೋಗಿ ನೋಡಲಿಲ್ಲ. ಮೇ ತಿಂಗಳಲ್ಲಿ ಮದುವೆಯ ದಿಬ್ಬಣದ ಕಾರು ಒಂದು ಆ ದಾರಿಯಲ್ಲಿ ಇಳಿದು ಗದ್ದೆಯ ಹುಣಿಯ ಮೇಲೆ ನಿಂತಿತು. ಮದುಮಗನ ಮಾವ ಪಂಚೆ ಎತ್ತಿ ಕಟ್ಟಿ ಕಾರು ನೂಕಿದರಂತೆ. ಈಗ ನಮ್ಮಲ್ಲಿ ನಿಯಮ: ಕಾಲಿನಲ್ಲಿ ನಡೆಯದ ದಾರಿಯನ್ನು ಬೆರಳಿನಲ್ಲಿ ಬರೆಯುವ ಹಾಗಿಲ್ಲ. ಗೂಗಲ್ ನಕ್ಷೆ ನೋಡಿ ನಕಲು ಮಾಡುವುದು ಹೇಗೂ ನಿಷಿದ್ಧ, ಪರವಾನಗಿ ಒಪ್ಪುವುದಿಲ್ಲ.

ನಮ್ಮ ಗುಂಪಿನಲ್ಲಿ ಮೊದಲಿದ್ದ ಒಂಬತ್ತು ಜನರಲ್ಲಿ ಉಳಿದವರು ಮೂವರು. ಬರೆದದ್ದು ಮಾತ್ರ ಯಾರ ಕಾರ್ಡಿನ ಅವಧಿ ಮುಗಿದರೂ ಅಳಿಸಿಹೋಗುವುದಿಲ್ಲ. ಮಹಡಿಯ ಅಣ್ಣ ಬೇಸರಿಸಬಾರದು.

ಸೊಸೈಟಿ ಗುಮಾಸ್ತ | ಬುಧವಾರ, ಸಂಜೆ 5.45

ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನ ಒಂದು ಪ್ರಶ್ನೆ. ಆ ಮೇಜಿನ ಎರಡು ಮೊಬೈಲ್ ಯಾರದ್ದು? ದೊಡ್ಡಮ್ಮನ ಆಧಾರ್ ಚೀಟಿಯ ಫೋಟೊ ಈಗ ಎಲ್ಲಿದೆ? ಪುಸ್ತಕದಲ್ಲಿ ಏನು ಬರೆಯುತ್ತೀರಿ, ಒಂದು ಗಂಟೆಗೆ ಮೇಜು ಎತ್ತಿದ ಮೇಲೆ ಆ ಪುಸ್ತಕ ಎಲ್ಲಿರುತ್ತದೆ?

ಹೊಳೆದಂಡೆ | ಬುಧವಾರ, ರಾತ್ರಿ 10.30

ಗುಮಾಸ್ತರೇ, ನಿಮ್ಮ ಪ್ರಶ್ನೆ ಓದಿ ನನ್ನ ಫೋನಿನ ಚಿತ್ರಗಳನ್ನು ತೆರೆದು ನೋಡಿದೆ. ನಾಲ್ವತ್ತಕ್ಕಿಂತ ಹೆಚ್ಚು ಆಧಾರ್, ಪಡಿತರ ಚೀಟಿ, ಪಾಸ್‌ಬುಕ್. ತಂಗಿಯ ಸೀಮಂತದ ಫೋಟೊಗಳ ನಡುವೆ. ಅದರಲ್ಲಿ ಕೆಲವನ್ನು ನಾನು ತೆಗೆದದ್ದೇ ಅಲ್ಲ. ಜನ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದು ತಾನಾಗಿ ಬಂದು ಕುಳಿತಿದೆ. ಎಲ್ಲವೂ ಗೂಗಲ್ ಖಾತೆಗೂ ಹೋಗಿ ಸೇರಿದೆ. ಪುಸ್ತಕದಲ್ಲಿ ಹೆಸರು, ಫೋನ್ ನಂಬರು, ಪಡಿತರ ಚೀಟಿಯ ಸಂಖ್ಯೆ, ಬಂದ ಕಾರಣ. "ಗಂಡ ಬಿಟ್ಟಿದ್ದಾನೆ, ವಿಧವಾ ವೇತನ ಸಿಗುವುದಿಲ್ಲ" ಎಂದು ನನ್ನದೇ ಅಕ್ಷರದಲ್ಲಿ ಒಂದು ಕಡೆ ಬರೆದಿದೆ. ಆ ಪುಸ್ತಕ ಗ್ರಂಥಾಲಯದ ಮೇಜಿನ ಎಳೆಪೆಟ್ಟಿಗೆಯಲ್ಲಿದೆ, ಬೀಗವಿಲ್ಲ. ನಾಳೆ ಬೆಳಿಗ್ಗೆ ಹೋಗಿ ತರುತ್ತೇನೆ.

ಸೊಸೈಟಿ ಗುಮಾಸ್ತ | ಗುರುವಾರ, ಬೆಳಿಗ್ಗೆ 7.15

ಹೆದರಿಸಲು ಕೇಳಿದ್ದಲ್ಲ. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾನೂನು ಬಂದಿದೆ, ಆದರೆ ಕಾನೂನಿಗಿಂತ ಮೊದಲು ಊರಿನ ಮರ್ಯಾದೆಯ ಮಾತು ಇದು. ನಾಳೆ ಯಾರೋ ಮೋಸಗಾರ ದೊಡ್ಡಮ್ಮನ ಖಾತೆಯಿಂದ ಹಣ ತೆಗೆದರೆ, ಅದಕ್ಕೂ ನಿಮಗೂ ಸಂಬಂಧವಿಲ್ಲದಿದ್ದರೂ, ಜನ ಮೊದಲು ನೆನಪು ಮಾಡಿಕೊಳ್ಳುವುದು ಆ ಮೇಜನ್ನೇ.

ಆಧಾರ್ ಪ್ರತಿ ಬೇಕೇ ಬೇಕಾದ ಕಡೆ ಮರೆಮಾಚಿದ ಆಧಾರ್ ಇಳಿಸಿಕೊಳ್ಳಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಬೆರಳಚ್ಚನ್ನು ಬೀಗ ಹಾಕಿಡುವ ಸೌಲಭ್ಯವೂ ಇದೆ, ಬೇಕಾದಾಗ ತೆರೆಯಬಹುದು. ಆದರೆ ರೇಷನ್ ಅಂಗಡಿಗೆ ಪ್ರತಿ ತಿಂಗಳು ಬೆರಳು ಕೊಡುವವರಿಗೆ ಅದನ್ನು ಹಾಕಿಕೊಟ್ಟು ನೀವು ಮರೆತರೆ ಅಕ್ಕಿಯೂ ಸಿಗದ ಹಾಗಾದೀತು, ಜೋಪಾನ. ಓಟಿಪಿಯನ್ನು ಅವರೇ ಓದಿ ಅವರೇ ಒತ್ತಲಿ, ಅಕ್ಷರ ಬಾರದಿದ್ದರೆ ಮನೆಯವರು ಒಬ್ಬರು ಜೊತೆಗೆ ಬರಲಿ. ಹಣ ಹೋಯಿತೆಂದು ಯಾರಾದರೂ ಓಡಿ ಬಂದರೆ ಬ್ಯಾಂಕಿಗೆ ಕರೆದುಕೊಂಡು ಹೋಗುವ ಮೊದಲೇ 1930ಕ್ಕೆ ಕರೆ ಮಾಡಿಸಿ. ಅದನ್ನು ಮೇಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಗೇರುತೋಪು | ಶುಕ್ರವಾರ, ರಾತ್ರಿ 9.00

ಪುಸ್ತಕ ಬದಲಾಗಿದೆ. ಹಳೆಯದರ ಹಾಳೆಗಳನ್ನು ನಮ್ಮ ಮನೆಯ ಬಚ್ಚಲಿನ ಒಲೆಗೆ ಹಾಕಿದೆವು. ಹೊಸದರಲ್ಲಿ ಹೆಸರಿಲ್ಲ. ದಿನಾಂಕ, ಯಾವ ಕೆಲಸ, ಆಯಿತೇ, ಆಗದಿದ್ದರೆ ಎಲ್ಲಿ ನಿಂತಿತು, ಅಷ್ಟು ಮಾತ್ರ. ಹೀಗೆ ಬರೆದ ಮೇಲೆ ಒಂದು ಸಂಗತಿ ಕಾಣಿಸಿತು. ಕೆಲಸ ನಿಂತದ್ದು ಎಲ್ಲಿ ಎಂಬ ಅಂಕಣದಲ್ಲಿ ಅತಿ ಹೆಚ್ಚು ಬಂದದ್ದು "ಆಧಾರ್‌ನಲ್ಲಿ ಹಳೆಯ ಫೋನ್ ನಂಬರು". ಹಳೆಯ ಪುಸ್ತಕದಲ್ಲೂ ಅದೇ ಇತ್ತು, ಹೆಸರುಗಳ ಗಲಾಟೆಯಲ್ಲಿ ಕಂಡಿರಲಿಲ್ಲ.

ಕಟ್ಟೆಪಂಚಾಯಿತಿ | ಶುಕ್ರವಾರ, ರಾತ್ರಿ 9.25

ಹಾಗಾದರೆ ಆ ಒಂದು ಹಾಳೆ ಹಿಡಿದುಕೊಂಡು ಗ್ರಾಮಸಭೆಗೆ ಬನ್ನಿ. ಆಧಾರ್ ತಿದ್ದುಪಡಿ ಶಿಬಿರ ಊರಿನಲ್ಲೇ ಆಗಬೇಕೆಂದು ನಡವಳಿಯಲ್ಲಿ ಬರೆಸಿ. ಸ್ವೀಕೃತಿ ಮುದ್ರೆ ಮರೆಯಬೇಡಿ.

ಮೂರನೆಯ ಮಹಡಿ | ಶನಿವಾರ, ಮಧ್ಯಾಹ್ನ 12.10

ನಾಲ್ಕು ದಿನ ಸುಮ್ಮನಿದ್ದೆ. ಧ್ವನಿ ಸಂದೇಶಕ್ಕೆ ಉತ್ತರ ಕೊಡುವ ಯಂತ್ರದ ಮೊದಲ ಕರಡು ಮಾಡಿಯೂ ಇದ್ದೆ. ಊರಿನ ಅಮ್ಮನಿಗೆ ಕರೆ ಮಾಡಿ, ತುಳುವಿನಲ್ಲಿ ಏನಾದರೂ ಕೇಳಿ ನೋಡಿ ಎಂದೆ. ಅಮ್ಮ ಕೇಳಿದ್ದು, ನೀನು ಯಾವಾಗ ಬರುತ್ತೀ ಎಂದು. ಯಂತ್ರ ಅದನ್ನು ಬಸ್ಸಿನ ವೇಳಾಪಟ್ಟಿಯ ಪ್ರಶ್ನೆ ಎಂದುಕೊಂಡಿತು. ಯಂತ್ರದ ತಪ್ಪೂ ಅಲ್ಲ.

ಕರಡನ್ನು ಎಸೆಯುವುದಿಲ್ಲ, ಆದರೆ ಜನರ ಮುಂದೆ ಇಡುವುದಿಲ್ಲ. ಮೇಜಿನಲ್ಲಿ ಕುಳಿತವರಿಗೆ ನೆನಪಿನ ಸಹಾಯಕ್ಕೆ ಇರಲಿ: ಯಾವ ಯೋಜನೆಗೆ ಯಾವ ಕಾಗದ, ಬದಲಾದದ್ದು ಯಾವಾಗ. ಅದನ್ನು ಪ್ರತಿ ತಿಂಗಳು ಒಂದು ಹಾಳೆಯಲ್ಲಿ ಮುದ್ರಿಸಲು ಬರುವ ಹಾಗೆ ಮಾಡುತ್ತೇನೆ. ನಾನು ಬಿಟ್ಟರೂ ಹಾಳೆ ಗೋಡೆಯ ಮೇಲೆ ಉಳಿಯುತ್ತದೆ. ಮತ್ತೆ, ತಿಂಗಳಿಗೊಂದು ಭಾನುವಾರ ಊರಿಗೆ ಬಂದು ಕುಳಿತುಕೊಳ್ಳುತ್ತೇನೆ. ರಾತ್ರಿ ಬಸ್ಸಿನಲ್ಲಿ ಬಂದರೆ ಹತ್ತು ಗಂಟೆಗೆ ಮೇಜಿನಲ್ಲಿರಬಹುದು, ಶಿರಾಡಿ ಘಾಟಿ ತೆರೆದಿದ್ದರೆ.

ಹೊಳೆದಂಡೆ | ಭಾನುವಾರ, ಮಧ್ಯಾಹ್ನ 3.30

ದಾನಿಗಳಿಗೆ ಬರೆದ ಪತ್ರದ ಸಾರ: ಮಳೆಗಾಲದಲ್ಲಿ ಕರೆಂಟ್ ಹೋದರೂ ನಡೆಯುವ ಹಾಗೆ ಒಂದು ಇನ್ವರ್ಟರ್. ಮುದ್ರಣ ಮತ್ತು ಸ್ಕ್ಯಾನ್ ಎರಡೂ ಆಗುವ ಒಂದು ಯಂತ್ರ. ಮೇಜಿಗೆಂದೇ ಒಂದು ಮೊಬೈಲ್, ಯಾರ ಮನೆಗೂ ಹೋಗದ್ದು, ಸಂಜೆ ಎಲ್ಲ ಅಳಿಸಿ ಕಪಾಟಿನಲ್ಲಿಟ್ಟು ಬೀಗ ಹಾಕುವುದು. ಅದರಲ್ಲಿ ಪಿಂಚಣಿದಾರರ ಜೀವನ ಪ್ರಮಾಣಪತ್ರವನ್ನು ಮುಖ ತೋರಿಸಿ ಮಾಡಬಹುದು, 2021ರಿಂದ ಆ ಸೌಲಭ್ಯವಿದೆ, ಬೆರಳಿನ ಕಾಟವಿಲ್ಲ. ದೂರದಿಂದ ಬರುವ ವಿದ್ಯಾರ್ಥಿನಿಯರಿಗೆ ಬಸ್ಸಿನ ಖರ್ಚು. ಉಳಿದದ್ದೆಲ್ಲ ಊರಿನ ಒಬ್ಬ ಮಹಿಳೆಗೆ ತಿಂಗಳ ಗೌರವಧನ. ಭಾನುವಾರದ ಜೊತೆಗೆ ವಾರದಲ್ಲಿ ಎರಡು ಸಂಜೆ ಕುಳಿತುಕೊಳ್ಳಲು, ಊರು ಬಿಟ್ಟು ಹೋಗದವರು ಬೇಕು. ಆಶಾ ಕಾರ್ಯಕರ್ತೆಯೊಬ್ಬರ ಹತ್ತಿರ ಕೇಳಿದೆವು, ಅವರ ಮೇಲೆ ಈಗಾಗಲೇ ಊರೆಲ್ಲ ಬಿದ್ದಿದೆ. ಬೀಡಿ ಕಟ್ಟುವ ಒಬ್ಬ ಅಕ್ಕ, ಹತ್ತನೆಯ ತರಗತಿ ಓದಿದವರು, ಒಪ್ಪಿದ್ದಾರೆ. ಮೊದಲ ಭಾನುವಾರವೇ ಅವರು ನಮಗಿಂತ ಬೇಗ ಕೆಲಸ ಮುಗಿಸಿದರು. ಬಂದವರ ಅರ್ಧ ಮಾತಿನಲ್ಲೇ ಅವರಿಗೆ ವಿಷಯ ಗೊತ್ತಾಗುತ್ತದೆ.

ನಿವೃತ್ತ ಮಾಸ್ಟ್ರು | ಭಾನುವಾರ, ಸಂಜೆ 6.00

ಹಣ ಕೊಟ್ಟರೆ ಅದು ಸ್ವಯಂಸೇವೆ ಹೇಗಾಗುತ್ತದೆ? ಜಗಳಕ್ಕೆ ಕೇಳುತ್ತಿಲ್ಲ. ಒಬ್ಬರಿಗೆ ಹಣ, ಮೂವರಿಗೆ ಪುಣ್ಯ ಎಂದಾದರೆ ಆರು ತಿಂಗಳಲ್ಲಿ ಮೂವರೂ ಬರುವುದಿಲ್ಲ. ನಾನು ಕಂಡದ್ದು.

ಗೇರುತೋಪು | ಭಾನುವಾರ, ಸಂಜೆ 6.40

ಮಾಸ್ಟ್ರೇ, ಅವರು ಮೇಜಿನಲ್ಲಿ ಕುಳಿತ ಮೂರು ಗಂಟೆಯಲ್ಲಿ ಮನೆಯಲ್ಲಿದ್ದರೆ ಬೀಡಿ ಕಟ್ಟುತ್ತಿದ್ದರು. ಆ ಬೀಡಿಯ ಮಜೂರಿ ಅವರ ಮನೆಯ ಅಕ್ಕಿ. ನಾನು ಬಿಟ್ಟು ಬರುವುದು ಭಾನುವಾರದ ನಿದ್ದೆಯನ್ನು.

ನಿವೃತ್ತ ಮಾಸ್ಟ್ರು | ಭಾನುವಾರ, ಸಂಜೆ 6.55

ಆಯಿತು ತಂಗಿ. ಆ ಸಾಲನ್ನು ಪತ್ರದಲ್ಲೂ ಸೇರಿಸಿ.

ಹೊಳೆದಂಡೆ | ಬುಧವಾರ, ರಾತ್ರಿ 8.45

ಮುಂಬಯಿಯಿಂದ ಕರೆ ಬಂತು. ಇನ್ವರ್ಟರ್, ಯಂತ್ರ, ಮೊಬೈಲ್ ಎಲ್ಲದಕ್ಕೂ ಒಪ್ಪಿಗೆ. ಬಸ್ಸಿನ ಖರ್ಚು ಎಂಬುದನ್ನು ಎರಡು ಸಲ ಓದಿಸಿಕೊಂಡರು, ಕೊನೆಗೆ ಆಗಲಿ ಎಂದರು. ಗೌರವಧನಕ್ಕೆ ಮಾತ್ರ, "ಆರು ತಿಂಗಳು ಕೊಡುತ್ತೇನೆ, ಆಮೇಲೆ ನೋಡುವ" ಎಂದರು. ತಾಯಿಯ ಹೆಸರು ಎಲ್ಲಿ ಬರುತ್ತದೆ ಎಂದು ಕೇಳಿದರು. ಗೌರವಧನದ ಮೇಲೆ ಹೆಸರು ಕೆತ್ತಲು ಬರುವುದಿಲ್ಲವಲ್ಲ. ಜಗಲಿಯಲ್ಲಿ ಕಾಯುವವರಿಗೆ ಒಂದು ಉದ್ದನೆಯ ಬೆಂಚು ಮಾಡಿಸಿ, ಅದರ ಬೆನ್ನಿನ ಹಲಗೆಯಲ್ಲಿ ಬರೆಸೋಣ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಹಲಸಿನ ಮರದ್ದೇ ಆಗಬೇಕು ಎಂದರು. ವಿಟ್ಲಪಿಂಡಿಗೆ, ಅಂದರೆ ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ನಡೆಯುವ ಉತ್ಸವಕ್ಕೆ, ಊರಿಗೆ ಬರುತ್ತಾರಂತೆ, ಅಂದೇ ಉದ್ಘಾಟನೆ ಇಟ್ಟುಕೊಳ್ಳಬೇಕಂತೆ.

ಕಟ್ಟೆಪಂಚಾಯಿತಿ | ಬುಧವಾರ, ರಾತ್ರಿ 9.10

ವಿಟ್ಲಪಿಂಡಿಯ ದಿನ ಊರಿನಲ್ಲಿ ಯಾರಿರುತ್ತಾರೆ ಮಾರಾಯ್ರೇ? ಎಲ್ಲರೂ ರಥಬೀದಿಯಲ್ಲಿ. ನಿಮ್ಮ ಸ್ವಯಂಸೇವಕರೇ ಹುಲಿವೇಷ ನೋಡಲು ಹೋಗಿರುತ್ತಾರೆ.

ಹೊಳೆದಂಡೆ | ಬುಧವಾರ, ರಾತ್ರಿ 9.20

ಒಬ್ಬ ನೋಡಲು ಹೋಗುವುದಲ್ಲ, ವೇಷವೇ ಹಾಕುತ್ತಾನೆ. ದಾನಿಗಳಿಗೆ ನಾಳೆ ಮತ್ತೆ ಕರೆ ಮಾಡುತ್ತೇನೆ. ಹಲಸಿನ ಹಲಗೆ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಒಣಗಿದ್ದು, ಏಳು ಅಡಿ.